ತಳದಲ್ಲಿ ಉಳಿದವರು

ನಾನು ಅಡುಗೆ ಗ್ಯಾಸಿನ ಒಂದು ಸಿಲಿಂಡರು. ಉಕ್ಕಿನ ಎರಡು ಬಟ್ಟಲುಗಳನ್ನು ಬಾಯಿಗೆ ಬಾಯಿ ಇಟ್ಟು ನಡುವಿಗೆ ಬೆಸುಗೆ ಹಾಕಿದರೆ ನನ್ನ ಮೈ ಆಯಿತು. ಮೇಲೆ ಹಿಡಿಕೆಯ ಬಳೆ, ಕೆಳಗೆ ನಿಲ್ಲಲು ಇನ್ನೊಂದು ಬಳೆ, ಮೈತುಂಬ ಕೆಂಪು ಬಣ್ಣ. ಕೊರಳಿಗೆ ಒಂದು ನಂಬರು ಒತ್ತಿದರು. ಹೆಸರು ಯಾರೂ ಇಡಲಿಲ್ಲ. ಮನೆಯೇ ಇಲ್ಲದವರಿಗೆ ಹೆಸರು ಯಾಕೆ ಬೇಕು?

ಹೌದು, ನಮಗೆ ಮನೆಯೆಂಬುದಿಲ್ಲ. ಒಂದು ಮನೆಯಲ್ಲಿ ಗ್ಯಾಸು ತೀರಿದರೆ ಖಾಲಿಯಾದ ನನ್ನನ್ನು ಒಯ್ದು ಅಲ್ಲಿಗೆ ಬೇರೊಂದು ತುಂಬಿದ ಸಿಲಿಂಡರು ಇಡುತ್ತಾರೆ. ನಾನು ದೂರದ ಸ್ಥಾವರಕ್ಕೆ ಹೋಗಿ ತುಂಬಿಸಿಕೊಂಡು ಮತ್ತೊಂದು ಮನೆ ಸೇರುತ್ತೇನೆ. ಜೀವ ಮೈ ಬದಲಿಸುತ್ತದೆ ಎಂದು ಕಟ್ಟೆಯ ಮೇಲೆ ಕುಳಿತ ಹಿರಿಯರು ಹೇಳುವುದನ್ನು ಕೇಳಿದ್ದೇನೆ. ನನ್ನದು ಅದಕ್ಕೆ ತಿರುವುಮುರುವು. ಮೈ ಹಾಗೇ ಇರುತ್ತದೆ, ಉಸಿರು ಬದಲಾಗುತ್ತದೆ.

ಒಂದು ಗುಟ್ಟು ಹೇಳುತ್ತೇನೆ. ಖಾಲಿ ಎಂದು ನೀವು ಕೊಡುವ ಸಿಲಿಂಡರು ಪೂರ್ತಿ ಖಾಲಿಯಾಗಿರುವುದಿಲ್ಲ. ತಳದಲ್ಲಿ ಒಂದು ಗುಟುಕು ಉಳಿದೇ ಇರುತ್ತದೆ. ಸ್ಥಾವರದಲ್ಲಿ ಅದನ್ನು ಚೆಲ್ಲುವುದಿಲ್ಲ, ಅದರ ಮೇಲೆಯೇ ಹೊಸದನ್ನು ತುಂಬುತ್ತಾರೆ. ಹಾಗಾಗಿ ನಾನು ನಿಂತ ಪ್ರತಿ ಮನೆಯದೂ ಒಂದಿಷ್ಟು ನನ್ನ ತಳದಲ್ಲಿ ಕೂತಿರುತ್ತಿತ್ತು. ಬಹಳ ದಿನ ನನಗೂ ಇದು ಗೊತ್ತಿರಲಿಲ್ಲ.

ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವ ಗುರುಪಾದಪ್ಪನ ಮನೆಗೆ ಬಂದಾಗ ನನಗೆ ಆರೇಳು ವರ್ಷ ಆಗಿದ್ದಿರಬೇಕು. ಹೊಸ ಸಿಲಿಂಡರು ಬಂದರೆ ಅದಕ್ಕೆ ಮೂರು ಬೆರಳಿನಿಂದ ವಿಭೂತಿ ಎಳೆದ ಮೇಲೆಯೇ ಒಲೆ ಹಚ್ಚುವುದು ಆ ಮನೆಯ ಪದ್ಧತಿ. ವಿಭೂತಿ ಹಚ್ಚುವುದು ಹೆಂಡತಿ ನೀಲವ್ವನ ಕೆಲಸ, ಜೋಡಿಸುವುದು ಗುರುಪಾದಪ್ಪನ ಕೆಲಸ. ಅವನು ಮೊಣಕಾಲೂರಿ ಕೂತು, ಬೆರಳಿನ ಗೆಣ್ಣಿನಿಂದ ನನ್ನ ಹೊಟ್ಟೆಗೆ ಮೂರು ಸಲ ಬಡಿದು, ಕಿವಿ ಹಚ್ಚಿ ಕೇಳುತ್ತಿದ್ದ. ಅವತ್ತೂ ಕೇಳಿದ.

"ಎಷ್ಟ ಅದೀಪಾ ಒಳಗ?"

"ಅದೇನ ನಿಮ್ಮ ಬೀಗರೇನು, ಮಾತಾಡಿಸಾಕ?" ಎಂದಳು ನೀಲವ್ವ, ರೊಟ್ಟಿ ಹಿಟ್ಟು ನಾದುತ್ತಲೇ.

"ಬೀಗರಿಗಿಂತ ಚಲೋ. ಕೇಳಿದ್ದಕ್ಕ ಉತ್ತರ ಕೊಡತೈತಿ."

ಹಾಗೆಂದವನು ನನ್ನ ಬಾಯಿಯ ಮುಚ್ಚಳ ತೆಗೆದ. ಆಮೇಲೆ ಹಣೆಯನ್ನು ನನ್ನ ಭುಜಕ್ಕೆ ಆನಿಸಿದ. ಎತ್ತಲಿಲ್ಲ. ನೀಲವ್ವ ಎರಡು ರೊಟ್ಟಿ ಬಡಿದು ಮುಗಿಸಿ, "ಒಲಿ ಹಚ್ಚಲೇನ್ರಿ?" ಎಂದು ತಿರುಗಿ ನೋಡುವವರೆಗೂ ಅವನು ಹಾಗೇ ಇದ್ದ. ಅವನ ಕೊನೆಯ ಉಸಿರು ನನ್ನ ಬಾಯಿಯ ಮೇಲೆ ಬಿದ್ದಿತ್ತು. ಬೆಚ್ಚಗಿತ್ತು. ಅದು ಎಲ್ಲಿ ಹೋಯಿತೆಂದು ಆಗ ಯಾರೂ ಕೇಳಲಿಲ್ಲ.

ದುಃಖಕ್ಕೆ ಬಂದ ನೆಂಟರಿಗೆಲ್ಲ ಅಡುಗೆ ಮಾಡಿ ನಾನು ಬೇಗ ತೀರಿದೆ. ನೀಲವ್ವ ಒಳಕೋಣೆಯಲ್ಲಿ ಮಲಗಿದ್ದಾಗ ಸೊಸೆ ಸುವರ್ಣಾ ನನ್ನನ್ನು ಕೊಟ್ಟು ಬೇರೆಯದನ್ನು ಇರಿಸಿಕೊಂಡಳು. ಏಜೆನ್ಸಿಯ ಮೌಲಾಸಾಬ ನನ್ನನ್ನು ಹೆಗಲಿಗೇರಿಸಿ ಹೊಸಿಲು ದಾಟುವಾಗ ಹಿಂದಿನಿಂದ ನೀಲವ್ವನ ದನಿ ಕೇಳಿತು.

"ಸುವರ್ಣಾ, ಅದನ್ನ ಯಾಕ ಕೊಟ್ಟಿ?"

"ಖಾಲಿ ಆಗಿತ್ತಲ್ರಿ ಅತ್ತಿ."

ಆ ಮನೆ ಬಿಟ್ಟ ಮೇಲೆ ನನ್ನೊಳಗೆ ಸದ್ದು ಶುರುವಾಯಿತು. ಬೆಳಗಿನ ಜಾವ, ಒಲೆ ಹಚ್ಚುವ ಮೊದಲು, ಒಳಗಿನಿಂದ ಮೂರು ಬಡಿತ. ಗೆಣ್ಣಿನ ಬಡಿತ. ಅದು ನಾನು ಮಾಡಿದ್ದಲ್ಲ. ಉಕ್ಕಿಗೆ ತಾನಾಗಿ ಮಿಡುಕಲು ಬರುವುದಿಲ್ಲ.

ಆಮೇಲೆ ಸೇರಿದ ಚಹಾ ಅಂಗಡಿಯ ಗದ್ದಲದಲ್ಲಿ ಅದು ಯಾರಿಗೂ ಕೇಳಲಿಲ್ಲ. ಒಬ್ಬ ಮೇಷ್ಟ್ರು, ಥಂಡಿಗೆ ಕಬ್ಬಿಣ ಕುಗ್ಗುತ್ತದೆ ಎಂದು ಹೆಂಡತಿಗೆ ತಿಳಿಸಿ ಹೇಳಿ, ತಾನು ಮಾತ್ರ ಅಡುಗೆಮನೆಯ ಕಡೆಗೆ ಹೋಗುವುದನ್ನು ಬಿಟ್ಟ. ಮೂರು ವರ್ಷ ಹೀಗೇ ಕಳೆಯಿತು. ಕೊನೆಗೆ ಒಂದು ಮನೆಯ ಮುದುಕಿ ಮೌಲಾಸಾಬನನ್ನು ಬಾಗಿಲಲ್ಲೇ ತಡೆದಳು. "ಇದನ್ನ ಒಯ್ಯಪಾ. ಒಳಗ ಯಾರೋ ಕೂತು ಬಾಗಿಲಾ ಬಡದಂಗ ಬಡೀತೈತಿ."

ಮೌಲಾಸಾಬ ನಗಲಿಲ್ಲ. ಈ ಮೂರು ವರ್ಷವೂ ನೀಲವ್ವ ತನ್ನ ಮನೆಗೆ ಬಂದ ಪ್ರತಿ ಸಿಲಿಂಡರನ್ನು ಅಂಗಳದಲ್ಲೇ ಇಳಿಸಲು ಹೇಳಿ, ಮೂರು ಸಲ ಬಡಿದು, ಕಿವಿ ಹಚ್ಚುತ್ತಿದ್ದಳು. ಉತ್ತರ ಬರದಿದ್ದಾಗ, "ಇದಲ್ಲಪಾ, ಇರಲಿ ಇಡು" ಎನ್ನುತ್ತಿದ್ದಳು. ಓಣಿಯವರು, "ನೀಲವ್ವ ಸಿಲಿಂಡರಿನ ನಾಡಿ ನೋಡತಾಳ" ಎಂದು ಆಡಿಕೊಂಡಾಗಲೂ ಅವನು ಸುಮ್ಮನೆ ಕಾದು ನಿಂತಿರುತ್ತಿದ್ದ. ಈಗ ಅವನು ನನ್ನನ್ನು ನೇರವಾಗಿ ಅವಳ ಅಂಗಳಕ್ಕೆ ತಂದಿಳಿಸಿದ.

ನೀಲವ್ವ ಬಡಿದಳು. ಮೂರು.

ಒಳಗಿನಿಂದ ಮೂರು ಬಂತು.

ಅವಳು ಅಳಲಿಲ್ಲ. ಸೆರಗಿನಿಂದ ನನ್ನ ಮೇಲಿನ ಧೂಳು ಒರೆಸಿ, "ಎಷ್ಟ ಊರ ತಿರುಗಿದ್ರಿ?" ಎಂದಳು. ಮೌಲಾಸಾಬ ಕಾಲಲ್ಲಿ ಚಪ್ಪಲಿ ಇದ್ದದ್ದನ್ನು ನೋಡಿಕೊಂಡು ಅಂಗಳದಿಂದ ಆಚೆ ಸರಿದು ನಿಂತ.

ಆ ಎರಡು ತಿಂಗಳು ನನ್ನ ಬಾಳಿನ ಶಾಂತ ದಿನಗಳು. ದಿನಾ ಬೆಳಗ್ಗೆ ವಿಭೂತಿ, ಮೂರು ಬಡಿತ, ಮೂರು ಉತ್ತರ. ನೀಲವ್ವ ಜ್ವಾಲೆಯನ್ನು ಸಣ್ಣದಾಗಿಟ್ಟು ಅಡುಗೆ ಮಾಡುತ್ತಿದ್ದಳು. ಆದರೂ ಒಂದು ದಿನ ಒಲೆ ನೀಲಿಯಿಂದ ಹಳದಿಗೆ ತಿರುಗಿ ಆರಿತು.

ಮೌಲಾಸಾಬ ತುಂಬಿದ್ದನ್ನು ಹೊತ್ತು ಬಂದ. ನೀಲವ್ವ ನನ್ನ ಮುಂದೆ ಕೂತುಬಿಟ್ಟಳು. "ಇದನ್ನ ಕೊಡಂಗಿಲ್ಲ."

"ಖಾಲಿ ಒಯ್ಯದ ತುಂಬಿದ್ದು ಇಟ್ಟ ಹೋದರ ನನ್ನ ಕೆಲಸ ಹೋಗತೈತಿ, ಅವ್ವ."

ಐದು ದಿನ ಸುವರ್ಣಾ ಹಿತ್ತಲಲ್ಲಿ ಕಟ್ಟಿಗೆ ಒಲೆ ಊದಿದಳು. ಆರನೆಯ ದಿನ ಕಣ್ಣು ಕೆಂಪಗೆ ಮಾಡಿಕೊಂಡು ಒಳಗೆ ಬಂದಳು. "ಅತ್ತಿ, ಮಾವನೋರನ್ನ ನೀವು ಇಟಗೋರಿ. ನನಗ ಒಲಿ ಕೊಡ್ರಿ."

ಮಗ ಮಹಾಂತೇಶ ಒಂದು ದಾರಿ ಹುಡುಕಿದ. ಸ್ಟೌ ರಿಪೇರಿಯ ಚೆನ್ನಬಸು ತನ್ನ ಅಂಗಡಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ ಕದ್ದು ಗ್ಯಾಸು ತುಂಬಿಕೊಡುತ್ತಾನೆ. ದೊಡ್ಡ ಸಿಲಿಂಡರನ್ನು ತಲೆಕೆಳಗೆ ಮಾಡಿ, ರಬ್ಬರು ಪೈಪು ಹಚ್ಚಿ, ಇನ್ನೊಂದಕ್ಕೆ ಇಳಿಸುವುದು. ಅಪಾಯದ ಕೆಲಸ. ಆದರೆ ಬದಲಿ ಇಲ್ಲ, ಕೊಟ್ಟ ಸಿಲಿಂಡರೇ ತುಂಬಿ ಮನೆಗೆ ಬರುತ್ತದೆ. ನೀಲವ್ವನಿಗೆ ಬೇಕಿದ್ದದ್ದು ಅಷ್ಟೇ. ಮಗ ನನ್ನನ್ನು ಮೊಪೆಡ್ಡಿನ ಮೇಲಿಟ್ಟು ತಳ್ಳಿಕೊಂಡು ನಡೆದ. ಅವಳು ಹಿಂದೆ ಒಂದು ಕೈ ನನ್ನ ಮೇಲಿಟ್ಟುಕೊಂಡು ಬಂದಳು.

ಶೆಡ್ಡಿನಲ್ಲಿ ಮಧ್ಯಾಹ್ನದ ಕಾವು. ಚೆನ್ನಬಸು ನನ್ನ ಬಾಯಿಗೆ ಒಂದು ಮೊಳೆ ಒತ್ತಿದ. ತಳದಲ್ಲಿದ್ದದ್ದು ಸುಯ್ಯೆಂದು ಹೊರಗೆ ಹೊರಟಿತು.

"ಏನ ಮಾಡತೀಯೋ ತಮ್ಮಾ?" ಎಂದಳು ನೀಲವ್ವ.

"ಹಳೇದು ಉಳದೈತಿ, ಬಿಡಾಕತ್ತೀನಬೇ. ಒಳಗ ಒತ್ತಡ ಇದ್ದರ ಹೊಸಾದು ಇಳಿಯಂಗಿಲ್ಲ."

ಶೆಡ್ಡಿನ ತುಂಬ ನಾತ ಹರಡಿತು. ನೀಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನನಗೆ ಬಾಯಿದ್ದೂ ಮಾತಿಲ್ಲ. ಮೂರು ವರ್ಷ ಊರೂರು ತಿರುಗಿದರೂ ನನ್ನನ್ನು ಬಿಡದವನು ತಗಡಿನ ಸಂದಿಯಿಂದ ಬಿಸಿಲಿಗೆ ಹೋದ. ಅವಳ ಕೆನ್ನೆಯ ಪಕ್ಕದಿಂದಲೇ ಹೋದ.

ಆಮೇಲೆ ಪೈಪಿನಿಂದ ಹೊಸದು ಇಳಿಯಿತು. ತಣ್ಣಗಿತ್ತು. ಅದರ ಜೊತೆ, ಆ ದೊಡ್ಡ ಸಿಲಿಂಡರಿನ ತಳದಲ್ಲಿ ಕೂತಿದ್ದ ಏನೋ ಇಳಿಯಿತು.

ಮರುದಿನ ಬೆಳಗ್ಗೆ ನೀಲವ್ವ ವಿಭೂತಿ ಎಳೆದು ಬಡಿದಳು. ಮೂರು. ಒಳಗೆ ಸದ್ದಿಲ್ಲ. ಮತ್ತೆ ಬಡಿದಳು. ಬಹಳ ಹೊತ್ತಿನ ಮೇಲೆ ಉತ್ತರ ಬಂತು. ಗೆಣ್ಣಿನದಲ್ಲ. ಗಾಜಿನ ಬಳೆ ತಾಗಿದ ಹಾಗೆ, ಮೆಲ್ಲಗೆ, ಅಂಜುತ್ತ. ನಾಲ್ಕು.

ನೀಲವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅದೇ ಕೈಯನ್ನು ಮತ್ತೆ ನನ್ನ ಮೇಲಿಟ್ಟಳು. "ನೀ ಯಾರವ್ವ?"

ನಾಲ್ಕು.

"ಮಕ್ಕಳದಾವೇನ?"

ನಾಲ್ಕು. ಏನು ಕೇಳಿದರೂ ನಾಲ್ಕೇ. ಚಟ್ನಿ ಅರೆಯುತ್ತಿದ್ದ ಸುವರ್ಣಾ ಕೈ ನಿಲ್ಲಿಸಿದಳು. "ಅತ್ತಿ, ಹೆಣ್ಮಗಳ ಯಾರೋ ಕರದಂಗಾತು."

ಅಂದು ಇಡೀ ದಿನ ನೀಲವ್ವ ಉಣ್ಣಲಿಲ್ಲ. ಗೋಡೆಗೊರಗಿ ನನ್ನನ್ನು ನೋಡುತ್ತ ಕೂತಳು. ಇಳಿಹೊತ್ತಿಗೆ, ಸೊಸೆಗೆ ಎಂಬಂತೆ, ನನಗೆ ಎಂಬಂತೆ ಹೇಳಿದಳು. "ಬದಲಿ ಕೊಟ್ಟಿದ್ದರ ಎಲ್ಯರೆ ಒಂದ ಮನ್ಯಾಗ ಇರತಿದ್ದರು. ನನ್ನ ಕಡೀನ ಇರಲಿ ಅಂತ ಹಿಡದ್ನಿ. ಮೂಗ ಮುಚಗೊಂಡು ಕಳಿಸಿ ಬಂದ್ನಿ."

ಸುವರ್ಣಾ ಎದ್ದು ಬಂದಳು. ಅತ್ತೆಯ ತಟ್ಟೆಗೆ ರೊಟ್ಟಿ ಮುರಿದು ಹಾಕಿ ಪಕ್ಕದಲ್ಲಿ ಕೂತಳು.

ಆ ಗ್ಯಾಸು ತೀರುವವರೆಗೂ ನೀಲವ್ವ ದಿನಾ ಬೆಳಗ್ಗೆ ಆ ಕಾಣದ ಹೆಣ್ಣನ್ನು ಮಾತಾಡಿಸಿದಳು. ಹಬ್ಬದ ದಿನ ಹೋಳಿಗೆಯ ಒಂದು ಚೂರನ್ನು ನನ್ನ ಮುಂದಿಟ್ಟಳು. ಮೌಲಾಸಾಬ ಬಂದಾಗ ತಾನೇ ನನ್ನನ್ನು ಹೊಸಿಲವರೆಗೆ ಉರುಳಿಸಿಕೊಂಡು ಬಂದಳು.

"ಕೊಟ್ಟರ ಮತ್ತ ಸಿಗೂದ ಕಷ್ಟ ಅವ್ವ," ಎಂದ ಅವನು. "ಕೊಡಬೇಕಂತೀಯೇನು?"

"ಈಕಿಯನ್ನೂ ಯಾರೋ ಹುಡುಕಾಕತ್ತಿರತಾರ. ನಾ ಬಾಗಲಾ ಹಾಕ್ಕೊಂಡು ಕುಂತರ ಅವರಿಗೆ ಹೆಂಗ ಸಿಗಬೇಕ? ಸಾವಕಾಶ ಒಯ್ಯಿ. ಎತ್ತಿ ಒಗೀಬ್ಯಾಡ."

ಅವನು ನನ್ನನ್ನು ಕೂಸನ್ನು ಎತ್ತಿಕೊಳ್ಳುವಂತೆ ಎತ್ತಿಕೊಂಡ.

ಆಮೇಲೆ ಒಂಬತ್ತು ವರ್ಷ ತಿರುಗಿದೆ. ಬಾದಾಮಿ, ಕೆರೂರು, ಇಳಕಲ್ಲು. ಬೆಳಗಿನ ಜಾವ ನಾಲ್ಕು ಬಡಿತ. ಕೆಲವರು ಹೆದರಿ ಹಿಂದಿರುಗಿಸಿದರು. ಒಬ್ಬಳು ಊದುಬತ್ತಿ ಹಚ್ಚಿದಳು. ನಮ್ಮವಳು ಎಂದು ಯಾರೂ ಗುರುತು ಹಿಡಿಯಲಿಲ್ಲ. ಎಲ್ಲರೂ ಕಿವಿ ಹಚ್ಚಿ ಕೇಳುವುದಿಲ್ಲವಲ್ಲ.

ಈಗ ನನ್ನ ಬೆಸುಗೆ ಸೋತಿದೆ. ಪರೀಕ್ಷೆಯಲ್ಲಿ ನಪಾಸಾದ ಸಿಲಿಂಡರುಗಳ ಸಾಲಿನಲ್ಲಿ, ಊರ ಹೊರಗಿನ ಒಂದು ಅಂಗಳದಲ್ಲಿ ಮಲಗಿಸಿದ್ದಾರೆ. ಕತ್ತರಿಸುವ ಮೊದಲು ಕಿಡಿ ಹತ್ತದಂತೆ ಬಾಯಿ ಬಿಚ್ಚಿ ನೀರು ತುಂಬುತ್ತಾರೆ. ಇವತ್ತು ನನ್ನ ಸರದಿ ಬಂತು. ನೀರು ಏರಿದಂತೆ ಅವಳು ಮೆಲ್ಲಗೆ ಮೇಲೇರಿ ಬಂದಳು. ನನ್ನ ಬಾಯಂಚಿನಲ್ಲಿ ಒಂದು ಗಳಿಗೆ ನಿಂತಳು. ದಾರಿ ಗೊತ್ತಿಲ್ಲದವರು ಹೊಸಿಲಲ್ಲಿ ನಿಲ್ಲುತ್ತಾರಲ್ಲ, ಹಾಗೆ. ಆಮೇಲೆ ಹೋದಳು. ಹೆಸರು ಕೇಳಬೇಕೆಂದುಕೊಂಡೆ, ಆಗಲಿಲ್ಲ.

ಅವಳನ್ನು ಅವಳ ಮನೆಗೆ ಮುಟ್ಟಿಸಲು ನನ್ನಿಂದ ಆಗಲಿಲ್ಲ. ನೀಲವ್ವ ನಂಬಿ ಕಳಿಸಿದ್ದಳು. ಶಿವನೇ, ಹೊತ್ತವನು ನಾನು, ಮುಟ್ಟಿಸುವವನು ನೀನು. ನೀರು ತುಳುಕುವಷ್ಟು ತುಂಬಿದೆ. ಒಳಗೆ ಈಗ ಯಾರೂ ಇಲ್ಲ.