ಒಂದು ಡಿಕ್ಕಿ ಬಾಕಿ

ಮಾಟುಂಗದಲ್ಲಿ ಹೋಟೆಲು ಇಟ್ಟಿದ್ದ ಕಾಂತಪ್ಪ ಹೊಸ ಕಾರಿಗೆ ಹೆಸರು ಬರೆಸಿ ಮೂರು ವರ್ಷ ಕಾದಿದ್ದರು. ಹೆಂಡತಿ ನೀಲಾವತಿಗೆ ಮೊಣಕಾಲು ನೋವು, ಲೋಕಲ್ ರೈಲು ಹತ್ತಲಾಗದೆ ಗೋರೆಗಾಂವಿನ ತಂಗಿಯ ಮುಖ ನೋಡಿ ಎರಡು ವರ್ಷವಾಗಿತ್ತು.

ಕುರ್ಲಾದ ಕಾರು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ಧಾರವಾಡದ ಮುರಿಗೆಪ್ಪ ದಿನವೂ ಅವರಲ್ಲೇ ಊಟ ಮಾಡುವವನು. ಒಂದು ಸಂಜೆ ಅವನೇ ಸುದ್ದಿ ತಂದ. ಅವರ ಗಾಡಿಗೆ ಇಂಜಿನ್ ಕೂರಿಸಿಯಾಗಿದೆ, ಬಣ್ಣ ಒಣಗಿದೆ.

"ನಾಳೆ ಡಿಕ್ಕಿ ಒಂದು ಆತಂದ್ರ ಮುಗೀತ್ರಿ."

ಕಾಂತಪ್ಪನವರ ಕೈಯ ಸೌಟು ನಿಂತಿತು. ಡಿಕ್ಕಿಯೆಂದರೆ ಅವರಿಗೆ ಪೇಪರಿನಲ್ಲಿ ಓದಿದ್ದು, ಲಾರಿಗೆ ಟ್ರಾಮು ಹೊಡೆಯುವುದು.

"ಎಲ್ಲ ಗಾಡಿಗೂ ಉಂಟಾ ಮಾರಾಯ್ರೆ?"

"ಡಿಕ್ಕಿ ಇಲ್ಲದ ಗಾಡಿ ಯಾರ್ ತಗೋತಾರ್ರಿ? ದಿನಾ ಆರೇಳು ನನ್ನ ಕೈಯಾಗಽ ಆಗ್ತಾವ."

"ಮುಂದೆಯಾ, ಹಿಂದೆಯಾ?"

"ಹಿಂದರಿ."

"ನಮ್ಮದಕ್ಕೆ ಸ್ವಲ್ಪ ಮೆಲ್ಲಗೆ..."

"ಛೇ ಛೇ. ನಿಮ್ಮನಿ ಅನ್ನ ಉಂಡೀನಿ. ನಿಮಗ ಭಾಳ ಗಟ್ಟಿ ಡಿಕ್ಕಿ ಕೊಡ್ತೀನಿ."

ಪರೀಕ್ಷೆಗೆಂದು ಗುದ್ದಿಸಿ ನೋಡುತ್ತಾರೇನೋ ಎಂದು ಕಾಂತಪ್ಪ ಮನೆಯಲ್ಲಿ ಸಮಾಧಾನ ಹೇಳಿದರು. ನೀಲಾವತಿ ಕೇಳಲಿಲ್ಲ. ಒಮ್ಮೆ ಗುದ್ದಿದ ಗಾಡಿಗೆ ತಾನು ಕಾಲಿಡುವುದಿಲ್ಲ, ತಂಗಿಯ ಮುಖ ನೋಡದಿದ್ದರೂ ಸೈ ಎಂದುಬಿಟ್ಟರು.

ಬೆಳಿಗ್ಗೆ ಕಾಂತಪ್ಪ ಮೊದಲ ಗಿರಾಕಿಗೆ ಚಹಾ ಕೊಡುವುದನ್ನೂ ಬಿಟ್ಟು ಕುರ್ಲಾಕ್ಕೆ ಓಡಿದರು. ಮರಾಠಿ ಫೋರ್‌ಮನ್ನನ ಎದುರು ಕೈಮುಗಿದು, "ಮೇರಾ ಗಾಡೀಕೋ ಡಿಕ್ಕಿ ನಹೀ ಮಾಂಗ್ತಾ" ಎಂದರು. ಅವನು ಚಿಕ್ಕದಾದರೆ ಆದೀತೇ ಎಂದು ಕೇಳಿದ. ಚಿಕ್ಕದೂ ಬೇಡ ಎಂದರು ಕಾಂತಪ್ಪ. ಹಾಗಾದರೆ ಸಾಮಾನನ್ನು ತಲೆಯ ಮೇಲೆ ಹೊರುತ್ತೀರಾ ಎಂದು ಅವನು ಕೇಳಿದ್ದು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಅವನು ಮುರಿಗೆಪ್ಪನಿಗೆ ಹೇಳಿಕಳಿಸಿದ.

ಮುರಿಗೆಪ್ಪ ಮುಖ ಸಣ್ಣದು ಮಾಡಿಕೊಂಡು ಬಂದ. ತನ್ನ ಕೆಲಸದಲ್ಲಿ ಏನು ಕೊರತೆ ಕಂಡಿತೆಂದು ಕೇಳಿದ. ಕಾಂತಪ್ಪ ಹೆಂಡತಿಯ ಹಟವನ್ನು ಹೇಳಿಕೊಂಡರು. ಕೇಳುತ್ತಾ ಕೇಳುತ್ತಾ ಅವನಿಗೆ ಸಂಗತಿ ಹೊಳೆಯಿತು. ನಗಲಿಲ್ಲ. ಕೈಹಿಡಿದು ಪಕ್ಕದಲ್ಲಿ ಸಿದ್ಧವಾಗಿ ನಿಂತಿದ್ದ ಇನ್ನೊಂದು ಗಾಡಿಯ ಹಿಂಬದಿಗೆ ಕರೆದೊಯ್ದು ಮುಚ್ಚಳ ಎತ್ತಿದ.

"ಇದಕ್ಕ ಡಿಕ್ಕಿ ಅಂತಾರ್ರಿ. ಸಾಮಾನ ಇಡೂದು."

ಕಾಂತಪ್ಪ ಆ ಖಾಲಿ ಜಾಗದೊಳಗೆ ತಲೆ ಹಾಕಿ ಅಲ್ಲೇ ಸ್ವಲ್ಪ ಹೊತ್ತು ಇದ್ದರು.

ಏನಂತೆ ಎಂದು ಫೋರ್‌ಮನ್ ಕೂಗಿದ. ಸಾಹೇಬರ ದೊಡ್ಡ ಇಡ್ಲಿ ಪಾತ್ರೆ ಹಿಡಿಯುವುದೋ ಇಲ್ಲವೋ ಎಂಬ ಚಿಂತೆ, ಅದಕ್ಕೇ ಬೇಡವೆಂದಿದ್ದರು ಎಂದು ಮುರಿಗೆಪ್ಪ ಮರಾಠಿಯಲ್ಲಿ ಸಲೀಸಾಗಿ ಹೇಳಿದ. ಪಾಪ, ಫೋರ್‌ಮನ್ ತಾನೇ ಟೇಪು ಹಿಡಿದು ಉದ್ದ, ಅಗಲ, ಆಳ ಅಳೆದು ಚೀಟಿ ಬರೆದುಕೊಟ್ಟ.

ಆ ಸಂಜೆ ಮುರಿಗೆಪ್ಪನ ಎಲೆಗೆ ನೀಲಾವತಿ ತಾವೇ ಕುಂಟುತ್ತಾ ಬಂದು ತುಪ್ಪ ಬಡಿಸಿದರು.

"ಇವರ ಮಾತಿಗೆ ಬೆಲೆ ಕೊಟ್ಟು ನಮ್ಮ ಗಾಡಿಗೆ ಡಿಕ್ಕಿ ಹೊಡೆಯದೆ ಬಿಟ್ಟಿರಂತಲ್ಲ. ದೊಡ್ಡ ಉಪಕಾರ ಆಯ್ತು."

ಮುರಿಗೆಪ್ಪ ಗಲ್ಲಾದ ಕಡೆ ನೋಡಿದ. ಕಾಂತಪ್ಪ ಬಿಲ್ಲುಗಳಲ್ಲಿ ಮುಖ ಹುದುಗಿಸಿದ್ದರು.

"ಒಂದು ಗೀರು ಸೈತ ಬಿದ್ದಿಲ್ರಿ ಅಕ್ಕಾರ," ಎಂದ ಅವನು. "ತಂಗೀಗ ಕಾಗದಾ ಹಾಕ್ರಿ."