ಹಳೇ ಚೀಟಿಯ ಮುಲಾಮು

ಅಮ್ಮನಿಗೆ ಕಣ್ಣು ಹೋಗಿ ಆರು ವರ್ಷ, ಕಿವಿ ಹೋಗಿ ಮೂರು. ಮಗಳನ್ನು ಗುರುತಿಸಲು ಉಳಿದಿದ್ದು ಒಂದೇ ದಾರಿ, ಸೂಜಿ ಚುಚ್ಚಿಸಿಕೊಂಡು ಒರಟಾದ ಅವಳ ತೋರುಬೆರಳು. ಅದನ್ನು ಸವರಿ ನೋಡಿ, "ಬಂದ್ಯಾ ನನ್ನ ದರ್ಜಿ?" ಅನ್ನುವವರೆಗೆ ಅಮ್ಮ ತುತ್ತಿಗೂ ಬಾಯಿ ತೆರೆಯುತ್ತಿರಲಿಲ್ಲ.

ಅದೇ ಬೆರಳಿನಿಂದ ಮಗಳು ಐದು ತಿಂಗಳು ಮುಲಾಮು ಹಚ್ಚಿದ್ದಳು. ತುರಿಕೆ ಶುರುವಾದಾಗ ಯಾರೋ ಡಾಕ್ಟರು ಹತ್ತು ದಿನಕ್ಕೆಂದು ಬರೆದುಕೊಟ್ಟ ಟ್ಯೂಬು. ತುರಿಕೆ ನಿಂತಿತು ನೋಡಿ, ಇವಳಿಗೆ ಅದೇ ಸಂಜೀವಿನಿಯಾಗಿಬಿಟ್ಟಿತು. ಹಳೇ ಚೀಟಿ ತೋರಿಸಿ ತೋರಿಸಿ ತಂದಳು; ಔಷಧಿ ಅಂಗಡಿಯವನೂ ತುಟಿಪಿಟಕ್ಕೆನ್ನದೆ ಕೊಟ್ಟ. ಬೆರಳ ಸಂದಿಯಲ್ಲಿ, ಮೊಣಕೈಯಲ್ಲಿ, ಉಗುರಿನಡಿಯಲ್ಲಿ ಬೂದು ಹಕ್ಕಳೆ ದಪ್ಪಗಟ್ಟಿದರೆ, ವಯಸ್ಸಾದ ಚರ್ಮ, ಒಣಗಿದೆ ಎಂದುಕೊಂಡು ಇನ್ನಷ್ಟು ಬಳಿದಳು. ಯಾರನ್ನು ಬೈಯುವುದು ಹೇಳಿ, ಪ್ರೀತಿಗೇನೂ ಕಡಿಮೆಯಿರಲಿಲ್ಲ.

ತನ್ನ ಹೊಟ್ಟೆಯ ಮೇಲೂ ಗುಳ್ಳೆಯೆದ್ದು ಕೆರೆತ ತಾಳಲಾಗದಾದಾಗಲೇ ಅವಳು ಅಮ್ಮನನ್ನೂ ಕರೆದುಕೊಂಡು, ಆ ಟ್ಯೂಬನ್ನೂ ಹಿಡಿದು ಚರ್ಮದ ಡಾಕ್ಟರ ಬಳಿ ಹೋದದ್ದು. ಆಕೆ ಹಕ್ಕಳೆಯನ್ನು ಒಂಚೂರು ಕೆರೆದು, ಗಾಜಿನ ಮೇಲಿಟ್ಟು, ಸೂಕ್ಷ್ಮದರ್ಶಕದಲ್ಲಿ ನೋಡಿ, ಮಗಳಿಗೂ ತೋರಿಸಿದರು. ಹುಳಗಳು ಮಿಜಿಗುಡುತ್ತಿದ್ದವು.

"ಕಜ್ಜಿ ಇದು. ಮಾಮೂಲಿ ಕಜ್ಜೀಲಿ ಹತ್ತು ಹದಿನೈದು ಹುಳ ಇರ್ತವೆ. ಇವರ ಮೈಮೇಲೆ ಸಾವಿರಗಟ್ಲೆ ಇವೆ. ಆ ಸ್ಟೀರಾಯ್ಡ್ ಮುಲಾಮು ತುರಿಕೆ ಅಡಗಿಸ್ತು, ಚರ್ಮದ ತಡೆಯೋ ಶಕ್ತಿ ತಗ್ಗಿಸಿ ಹುಳಾನ ಸಾಕ್ತು."

ಮಗಳು ತನ್ನ ತೋರುಬೆರಳನ್ನೇ ನೋಡಿಕೊಂಡಳು.

ಇಬ್ಬರಿಗೂ ಮಾತ್ರೆ, ಅಮ್ಮನಿಗೆ ನೆತ್ತಿಯಿಂದ ಪಾದದವರೆಗೆ ಹೊಸ ಕ್ರೀಮು, ಬಟ್ಟೆಬರೆಗೆಲ್ಲ ಕುದಿಯುವ ನೀರು, ಬೇರೆ ಕೋಣೆ. "ಗ್ಲೌಸ್ ಇಲ್ದೆ ಮುಟ್ಟಬೇಡಿ," ಎಂದರು ಡಾಕ್ಟರು. "ಅವರಿಂದ ನಿಮಗೆ, ನಿಮ್ಮಿಂದ ಅವರಿಗೆ, ಹೀಗೇ ಆದ್ರೆ ಮುಗಿಯೋದೇ ಇಲ್ಲ. ಚರ್ಮದ ಬಿರುಕಿನಿಂದ ರಕ್ತಕ್ಕೆ ನಂಜೇರಿದ್ರೆ ಈ ವಯಸ್ಸಲ್ಲಿ ಉಳಿಯೋದು ಕಷ್ಟ."

ಮನೆಗೆ ಬಂದು ಮಗಳು ಗ್ಲೌಸು ತೊಟ್ಟು ಅಮ್ಮನ ಕೈ ಹಿಡಿದಳು. ಅಮ್ಮ ಎಂದಿನಂತೆ ಬೆರಳು ಹುಡುಕಿದಳು. ನುಣ್ಣನೆಯ ರಬ್ಬರು ಸಿಕ್ಕಿತು. ಕೈ ಕಿತ್ತುಕೊಂಡಳು.

"ಯಾರಮ್ಮ ನೀನು?"

"ನಾನೇ ಅಮ್ಮ," ಎಂದು ಕಿವಿಯ ಹತ್ತಿರ ಕೂಗಿದಳು. ಗೋಡೆಗೆ ಹೇಳಿದಂತಾಯಿತು. ಮಾತ್ರೆ ಇಟ್ಟರೆ ಅಮ್ಮ ಉಗಿದಳು. ಕ್ರೀಮು ಹಚ್ಚಹೋದರೆ ಮುಷ್ಟಿ ಬಿಗಿದು ಮುದುಡಿಕೊಂಡಳು. ಮಗಳು ಗ್ಲೌಸನ್ನು ಅರ್ಧ ಎಳೆದಳು. ಗಾಜಿನ ಮೇಲಿನ ಹುಳಗಳು ನೆನಪಾದವು. ಮತ್ತೆ ಏರಿಸಿಕೊಂಡಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲೂ ಆ ಕೈ ಬರುವಂತಿರಲಿಲ್ಲ.

ಅಪರಿಚಿತಳ ಮನಸ್ಸು ನೋಯಿಸಿದೆನೆಂದುಕೊಂಡಳೋ ಏನೋ, ಅಮ್ಮನ ದನಿ ಮೆತ್ತಗಾಯಿತು.

"ಬೇಜಾರು ಮಾಡ್ಕೋಬೇಡಮ್ಮ. ಇನ್ನೇನು ನನ್ನ ಮಗಳು ಬರ್ತಾಳೆ. ಅವಳ ಹತ್ರ ಒಳ್ಳೇ ಮುಲಾಮಿದೆ. ಅವಳು ಹಚ್ಚಿದ್ರೇನೇ ನಂಗೆ ಹಿತ."