ಚೀಸ್ ಕೋಣೆಯ ಕಿಂಡಿ

ಹನ್ನೆರಡು ಗಂಟೆ ಹತ್ತು ನಿಮಿಷಕ್ಕೆ ಪ್ಯಾಕಿಂಗ್ ಕೋಣೆಯ ಎರಡೂ ಬಾಗಿಲುಗಳಿಗೆ ಹೊರಗಿನಿಂದ ಬೀಗ ಹಾಕಿದರು. ಒಳಗೆ ಹನ್ನೊಂದು ಹೆಂಗಸರಿದ್ದರು.

ಹನ್ನೆರಡೂಕಾಲಿಗೆ ಊಟದ ಬಿಡುವು. ಅದಕ್ಕೆ ಮುಂಚೆ ದಿನವೂ ಕೈ ತಪಾಸಣೆ. ಸಾಲಾಗಿ ನಿಂತು ಅಂಗೈ ಮುಂಗೈ ಎರಡನ್ನೂ ತೋರಿಸಬೇಕು. ಬೆರಳಿಗೆ ಗಾಯವಾದವರಿಗೆ ಬೆಳಗ್ಗೆ ನೀಲಿ ಪಟ್ಟಿ ಅಂಟಿಸಿರುತ್ತಾರೆ. ತಿನ್ನುವ ಪದಾರ್ಥ ನೀಲಿಯಾಗಿರುವುದಿಲ್ಲ, ಆದ್ದರಿಂದ ಜಾರಿ ಬಿದ್ದರೂ ಕಣ್ಣಿಗೆ ಹೊಡೆಯುತ್ತದೆ ಎಂಬುದು ಲೆಕ್ಕ. ಅಂದು ಬೆಳಗ್ಗೆ ಪಟ್ಟಿ ಅಂಟಿಸಿದ್ದ ಅತ್ತೆಯ ತೋರುಬೆರಳು ಬರಿದಾಗಿತ್ತು. ಯಾರೂ ಕೇಳುವ ಮೊದಲೇ ಅವಳೇ ಹೇಳಿಬಿಟ್ಟಳು: "ಪಟ್ಟಿ ಎಲ್ಲೋ ಬಿದ್ದೋಯ್ತು ಸಾರ್."

ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ನಿಂತವಳು ಮಾಡಬಾರದ ತಪ್ಪು ಅದು. ಅಲ್ಲಿ ಬೇರೆ ಯಾರೇ ಆಗಿದ್ದರೂ ಮೊದಲು ಪಕ್ಕದವಳ ಕಿವಿಗೆ ಹಾಕುತ್ತಿದ್ದರು, ಹತ್ತು ಕಣ್ಣು ಸೇರಿ ಹುಡುಕುತ್ತಿದ್ದವು, ತಪಾಸಣೆ ಮುಗಿಯುವವರೆಗೆ ಬೆರಳನ್ನು ಹೇಗೋ ಮಡಚಿಟ್ಟುಕೊಳ್ಳುತ್ತಿದ್ದರು. ಅತ್ತೆಗೆ ಅದೆಲ್ಲ ಬಾರದು. ಸೂಪರ್‌ವೈಸರ್ ತನ್ನ ಮಣಿಕಟ್ಟನ್ನು ನೋಡಿಕೊಂಡ. ಮಾತಿಗೊಮ್ಮೆ ಕೈಗಡಿಯಾರ ನೋಡುವ ಅವನನ್ನು ಹೆಂಗಸರೆಲ್ಲ ಹಿಂದಿನಿಂದ ಗಡಿಯಾರ ಎಂದೇ ಕರೆಯುತ್ತಿದ್ದರು. ಗಡಿಯಾರ ಹೊರಗೆ ಹೋದ. ಬೀಗದ ಸದ್ದು ಆಮೇಲೆ ಕೇಳಿತು.

ಅತ್ತೆ ಎಂದರೆ ಎಲ್ಲರಿಗೂ ಅತ್ತೆಯಲ್ಲ. ನಿಜವಾದ ಸೊಸೆ ಅದೇ ಸಾಲಿನಲ್ಲಿ ಮೂರು ಜನದ ಆಚೆ ನಿಲ್ಲುತ್ತಿದ್ದಳು. ಅವಳು ಅತ್ತೆ ಅತ್ತೆ ಎನ್ನುವುದನ್ನು ಕೇಳಿ ಕೇಳಿ ಕೋಣೆಗೆಲ್ಲ ಅದೇ ಬಾಯಿಗೆ ಬಂತು. ಅವಳ ಹೆಸರು ಸೊಸೆ ಎಂದೇ ನಿಂತಿತು. ತಣ್ಣನೆಯ ಉರುಳೆಯ ಮೇಲೆ ಚೀಸು ಹಳದಿ ಹಾಳೆಯಾಗಿ ಇಳಿದು, ಚೌಕ ಚೌಕವಾಗಿ ಕತ್ತರಿಸಿಕೊಂಡು ಬೆಲ್ಟಿನ ಮೇಲೆ ಬರುತ್ತದೆ. ಓರೆಯಾದ ಸ್ಲೈಸನ್ನು ಬೆರಳಿನಿಂದ ನೇರ ಮಾಡುವುದು ಅತ್ತೆಯ ಕೆಲಸ. ಅವಳ ಕೈ ಮುಗಿದ ತಕ್ಷಣ ಯಂತ್ರ ತೆಳು ಪ್ಲಾಸ್ಟಿಕ್ ಹಾಳೆಯನ್ನು ಸ್ಲೈಸಿನ ಮೇಲೆ ಮಡಚಿ, ಅಂಚನ್ನು ಕಾಯಿಸಿ ಅಂಟಿಸುತ್ತದೆ. ಹತ್ತು ಸ್ಲೈಸ್ ಎಣಿಸಿ ಹೊರಗಿನ ಬಣ್ಣದ ಪೊಟ್ಟಣಕ್ಕೆ ಸೇರಿಸುವುದು ಸೊಸೆಯ ಕೆಲಸ.

ಗೋಡೆಯಲ್ಲಿ ಪ್ಲಾಸ್ಟಿಕ್ ಸುರುಳಿಗಳನ್ನು ಒಳಗೆ ತಳ್ಳಲು ಒಂದು ಕಿಂಡಿಯಿತ್ತು. ಅದರ ಮುಚ್ಚಳ ಸರಿಯಿತು. ಗಡಿಯಾರದ ಗಲ್ಲ, ಟೈ, ಒಂದು ಕೈ ಕಾಣಿಸಿತು.

"ಬೆಳಗ್ಗಿಂದ ಆದ ಮಾಲು ಮೂವತ್ತಾರು ಕ್ರೇಟು. ಅಲ್ಲೇ ಇದೆ. ಒಂದೊಂದೇ ಸುಲಿದು ನೋಡಿ. ಪಟ್ಟಿ ಸಿಕ್ಕ ಮೇಲೆ ಬಾಗಿಲು."

"ಸಾರ್, ಊಟ?" ಎಂದಳು ರೇಡಿಯೊ. ಸಾಲಿನ ತುದಿಯಲ್ಲಿ ನಿಲ್ಲುವ ಅವಳ ಬಾಯಿ ಬೆಳಗ್ಗೆ ಯಂತ್ರದ ಜೊತೆ ಶುರುವಾದರೆ ಸಂಜೆ ಯಂತ್ರದ ಜೊತೆಗೇ ನಿಲ್ಲುತ್ತಿತ್ತು.

"ಎಷ್ಟು ಬೇಗ ಸುಲೀತೀರೋ ಅಷ್ಟು ಬೇಗ ಊಟ."

"ಪಟ್ಟಿ ಹಿಡಿಯೋ ಯಂತ್ರ ಇದೆಯಲ್ಲ ಸಾರ್? ಪಟ್ಟಿ ಒಳಗೆ ಲೋಹದ ಎಳೆ ಇರತ್ತೆ, ಅದರ ಕೆಳಗೆ ಹಾಯಿಸಿದ್ರೆ ಕೂಗ್ಕೊಳಲ್ವಾ?"

"ಅದು ಇವತ್ತು ಆಫು."

ಯಾಕೆ ಆಫು ಎಂಬುದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಗಿರಾಕಿಗಳು ಬಂದಿದ್ದರು. ಕಾರಿಡಾರಿನ ಆಚೆ, ಗಾಜಿನ ಗೋಡೆಯ ಪ್ರಯೋಗದ ಅಡುಗೆಮನೆಯಲ್ಲಿ ಅವರನ್ನು ಕೂರಿಸಿ, ಕಂಪನಿಯ ಅಡುಗೆಯವನಿಂದ ಸ್ಲೈಸಿನ ತಿಂಡಿಗಳನ್ನು ಮಾಡಿಸಿ ರುಚಿ ತೋರಿಸುತ್ತಿದ್ದರು. ಆ ಯಂತ್ರ ಕೂಗಿಕೊಂಡರೆ ಸಾಲು ನಿಲ್ಲುತ್ತದೆ, ಸಾಲು ನಿಂತರೆ ಗಿರಾಕಿಗಳು ಯಾಕೆ ಎಂದು ಕೇಳುತ್ತಾರೆ. ಆದ್ದರಿಂದ ಬೆಳಗ್ಗೆಯೇ ಅದರ ಬಾಯಿ ಮುಚ್ಚಿಸಿದ್ದರು. ಎರಡನೆಯದಾಗಿ ಮುಚ್ಚಿಸಿದ್ದು ಬಾಗಿಲು.

ಪಟ್ಟಿಯ ಕಾನೂನು ಗೋಡೆಯ ಮೇಲೆಯೇ ಬರೆದಿತ್ತು. ಪಟ್ಟಿ ಕಳೆದರೆ ಒಂದು ದಿನದ ಕೂಲಿ ಕಡಿತ. ಮಾಲಿನೊಳಗೆ ಸಿಕ್ಕರೆ ಕೆಲಸದಿಂದ ಹೊರಗೆ. ಕೆಲಸದಿಂದ ಹೊರಗೆ ಎಂದರೆ ಕಾರ್ಖಾನೆಯ ಹಿಂದಿನ ಸಾಲುಮನೆಯಿಂದಲೂ ಎಂಟು ದಿನದೊಳಗೆ ಹೊರಗೆ. ಅತ್ತೆ ಸೊಸೆ ಇಬ್ಬರೂ ಇದ್ದ ಆ ಒಂದು ಕೋಣೆ ಅತ್ತೆಯ ಹೆಸರಿನಲ್ಲಿತ್ತು. ಮಗ ಲಾರಿಯವನು, ತಿಂಗಳಿಗೊಮ್ಮೆ ಬಂದು ಮಲಗಿ ಎದ್ದು ಹೋಗುವವನು. ಅವನಿಗೆ ಮನೆಯೆಂದರೆ ಲಾರಿಯ ಮುಂಭಾಗವೇ.

ಸುಲಿಯುವ ಕೆಲಸ ಶುರುವಾಯಿತು. ಉಗುರಿನಿಂದ ಅಂಚು ಬಿಡಿಸಬೇಕು, ಹಾಳೆ ಎಳೆಯಬೇಕು, ಸ್ಲೈಸನ್ನು ದೀಪದ ಮೇಜಿನ ಬೆಳಕಿಗೆ ಹಿಡಿದು ಎರಡೂ ಮಗ್ಗುಲು ನೋಡಿ ಡಬ್ಬಕ್ಕೆ ಹಾಕಬೇಕು. ಸುಲಿದದ್ದೆಲ್ಲ ಮತ್ತೆ ಕಡಾಯಿಗೆ ಹೋಗಿ ಕರಗಿ ಮತ್ತೆ ಸ್ಲೈಸಾಗುತ್ತದೆ. ಕೋಣೆಯ ತಂಪು ಬೆರಳುಗಳಿಗೆ ಇಳಿಯಿತು. ಕೈಗವಸು ಇದ್ದರೆ ಬೆರಳಿಗೆ ಇಷ್ಟು ಚಳಿಯೂ ಹತ್ತುತ್ತಿರಲಿಲ್ಲ, ಪಟ್ಟಿಯೂ ಜಾರುತ್ತಿರಲಿಲ್ಲ. ಕೈಗವಸು ಬರುವುದು ನಿಂತು ಒಂದೂವರೆ ತಿಂಗಳಾಗಿತ್ತು. ಕೇಳಿದಾಗಲೆಲ್ಲ ಆರ್ಡರ್ ಹೋಗಿದೆ ಎನ್ನುತ್ತಿದ್ದರು.

ಗಾಳಿಯ ಕೊಳವೆಯಿಂದ ಬ್ರೆಡ್ ಸುಡುವ ವಾಸನೆ ಬಂತು. ಹನ್ನೊಂದು ಮೂಗುಗಳೂ ಒಟ್ಟಿಗೆ ಅತ್ತ ತಿರುಗಿದವು.

ರೇಡಿಯೊ ಹೊರ ಪೊಟ್ಟಣ ಎತ್ತಿಕೊಂಡು ಹಿಂಬದಿ ಓದಿದಳು. "ಬಿಸಿ ಬ್ರೆಡ್ಡಿನ ಮೇಲಿಟ್ಟು ಕುಟುಂಬದೊಂದಿಗೆ ಆನಂದಿಸಿ. ನೋಡ್ರೇ, ಕುಟುಂಬ ಒಳಗಿದೆಯಾ, ಬೇರೆ ತಗೋಬೇಕಾ?"

"ನಿನ್ನ ಗಂಡನ್ನೂ ಹೀಗೇ ಹಾಳೇಲಿ ಸುತ್ತಿ ಕೊಟ್ಟಿದ್ರೆ ಚೆನ್ನಾಗಿತ್ತು, ಮಾತಾಡ್ತಿರಲಿಲ್ಲ," ಎಂದರು ಯಾರೋ.

"ನಮ್ಮನೇಲಿ ಅವನೆಲ್ಲಿ ಮಾತಾಡ್ತಾನೆ ಪಾಪ."

ಅತ್ತೆ ನಗಲಿಲ್ಲ. ಮೂಗೆತ್ತಿ ವಾಸನೆ ಹಿಡಿದಳು. "ಉರಿ ಜಾಸ್ತಿ ಇಟ್ಟಿದಾನೆ ಕಣ್ರೇ, ಪೆದ್ದ. ಬ್ರೆಡ್ಡು ಹೊತ್ತಿ ಹೋಗತ್ತೆ, ಒಳಗೆ ಸ್ಲೈಸು ಹಾಗೇ ರಬ್ಬರು. ಸಣ್ಣ ಉರಿ ಇಡಬೇಕು. ಬ್ರೆಡ್ಡಿನ ಹೊರಗಡೆ ಬೆಣ್ಣೆ, ಒಳಗಡೆ ಸ್ಲೈಸು. ಒಂದು ಮಗ್ಗುಲು ಕೆಂಪಾದ ಮೇಲೆ ತಿರುವಿ ಹಾಕಿ, ಒಲೆ ಆರಿಸಿ ಮುಚ್ಚಳ ಮುಚ್ಚಿಬಿಡಬೇಕು. ಹೆಂಚಿನ ಬಿಸೀನೇ ಸಾಕು ಅದಕ್ಕೆ."

"ಆಮ್ಲೆಟ್ಟಿಗೆ?"

"ಮಡಚೋಕೆ ಮುಂಚೆ, ಅರ್ಧ ಸ್ಲೈಸು. ಸೂಪು ನೀರಾದ್ರೆ ಒಂದು ಹರಿದು ಹಾಕಿ ಕದಡು, ಗಟ್ಟಿಯಾಗತ್ತೆ. ಇದು ಎಣ್ಣೆ ಬಿಟ್ಕೊಳಲ್ಲ, ಒಡೆಯಲ್ಲ, ಅದಕ್ಕೇ ಗೊಜ್ಜಿನಂಥದ್ದಕ್ಕೆ ಇದೇ ವಾಸಿ. ಉಪ್ಪು ಮಾತ್ರ ಕೊನೇಲಿ, ರುಚಿ ನೋಡಿ ಹಾಕು. ಇದರಲ್ಲೇ ಬೇಕಾದಷ್ಟಿದೆ. ನಮ್ಮ ಸೊಸೆ ಕೇಳಲ್ಲ, ಮೊದಲೇ ಸುರೀತಾಳೆ."

"ನಾನು ಹಾಕಿದ ಉಪ್ಪು ತಿಂದೇ ಬದುಕಿದೀರಿ ಅತ್ತೆ," ಎಂದಳು ಸೊಸೆ ತಲೆಯೆತ್ತದೆ.

ಅತ್ತೆಗೆ ಇದೆಲ್ಲ ತಿಳಿದದ್ದು ಹಿಂದೆ ಓರೆಕೋರೆ ಸ್ಲೈಸುಗಳನ್ನು ಮನೆಗೆ ಒಯ್ಯಲು ಬಿಡುತ್ತಿದ್ದ ಕಾಲದಲ್ಲಿ. ಬೆಂದ ಆಲೂಗಡ್ಡೆಯನ್ನು ಸೀಳಿ ಒಂದೊಂದು ಸ್ಲೈಸು ತುರುಕಿ ಮಗನನ್ನು ಬೆಳೆಸಿದವಳು ಅವಳು. ಎರಡು ವರ್ಷದ ಹಿಂದೆ ಅದೂ ನಿಂತಿತು. ಓರೆಯಾದದ್ದೂ ಕಡಾಯಿಗೇ ಹೋಗಬೇಕು, ಒಂದು ಚೂರು ಬಾಯಿಗೆ ಹಾಕಿಕೊಂಡರೂ ಕಳ್ಳತನ. ದಿನಕ್ಕೆ ಹತ್ತು ಸಾವಿರ ಸ್ಲೈಸು ಮುಟ್ಟುವ ಕೈಗೆ ಒಂದನ್ನು ತಿನ್ನುವ ಹಕ್ಕಿರಲಿಲ್ಲ.

ಹದಿನೇಳನೆಯ ಕ್ರೇಟಿನಲ್ಲಿ ಸೊಸೆಗೆ ಪಟ್ಟಿ ಸಿಕ್ಕಿತು.

ಸುಲಿಯುವ ಮೊದಲೇ ಕಂಡಿತು. ಹಳದಿಯ ಮೇಲೆ ನೀಲಿ, ಹಾಳೆಯ ಒಳಗೆ. ಬಿಡಿಸಿ ನೆಲಕ್ಕೆ ಹಾಕಿ ಇಲ್ಲೇ ಬಿದ್ದಿತ್ತು ಎಂದುಬಿಡೋಣ ಎಂದು ಅವಳ ಉಗುರು ಅಂಚಿಗೆ ಹೋಯಿತು. ಆದರೆ ಪಟ್ಟಿಯ ತುದಿ ಅಂಟಿನ ಗೆರೆಯಲ್ಲಿ ಸಿಕ್ಕಿ, ಕಾದು, ಪ್ಲಾಸ್ಟಿಕ್ಕಿನ ಜೊತೆ ಬೆಸೆದುಹೋಗಿತ್ತು. ಎಳೆದರೆ ಹರಿಯುತ್ತದೆ. ಅರ್ಧ ತೋರಿಸಿದರೆ ಇನ್ನರ್ಧ ಹುಡುಕಿ ಎನ್ನುತ್ತಾರೆ. ಕೊಟ್ಟರೆ ಬಾಗಿಲು ತೆರೆಯುತ್ತದೆ, ಮನೆ ಹೋಗುತ್ತದೆ. ಕೊಡದಿದ್ದರೆ ಮನೆ ಉಳಿಯುತ್ತದೆ, ಬಾಗಿಲು ತೆರೆಯುವುದಿಲ್ಲ. ನುಂಗಲೂ ಆಗದ, ಉಗುಳಲೂ ಆಗದ ಬಿಸಿ ತುಪ್ಪವೆಂದರೆ ಇದೇ ಎಂದುಕೊಂಡಳು, ತುಪ್ಪವಾದರೂ ರುಚಿಯಿರುತ್ತದೆ.

ಅವರ ಮೇಲಂಗಿಗೆ ಜೇಬಿರುವುದಿಲ್ಲ. ಕಾಲುಚೀಲ ಸರಿಮಾಡುವವಳಂತೆ ಬಗ್ಗಿ ಸ್ಲೈಸನ್ನು ರಬ್ಬರ್ ಬೂಟಿನೊಳಗೆ ಇಳಿಸಿದಳು. ತಣ್ಣಗೆ ಕಣಕಾಲಿಗೆ ಅಂಟಿಕೊಂಡಿತು. ತಲೆಯೆತ್ತಿದಾಗ ಅತ್ತೆ ನೋಡುತ್ತಿದ್ದಳು.

ಅತ್ತೆ ಡಬ್ಬ ಬದಲಿಸುವ ನೆಪದಲ್ಲಿ ಪಕ್ಕಕ್ಕೆ ಬಂದಳು. "ಸಿಕ್ತಾ?"

"ಏನೂ ಇಲ್ಲ ಅತ್ತೆ, ಸುಮ್ನಿರಿ."

"ನನ್ನ ಹತ್ರ ನಾಟಕ ಬೇಡ. ಕೊಟ್ಬಿಡು."

"ಕೊಟ್ಟು ಎಲ್ಲಿಗೆ ಹೋಗೋದು? ನಿಮ್ಮ ಮಗನ ಲಾರಿ ಹಿಂದೆ ಪಾತ್ರೆ ಕಟ್ಕೊಂಡು ಓಡಾಡೋದಾ?"

"ಹತ್ತು ಜನ ನನ್ನಿಂದ ಹಸ್ಕೊಂಡು ನಿಂತಿದಾರಲ್ಲೇ."

"ನಿಮ್ಮಿಂದ ಅಲ್ಲ." ಸೊಸೆಯ ಧ್ವನಿ ಸ್ವಲ್ಪ ಏರಿತು. ಸಾಲಿನಲ್ಲಿ ಎರಡು ತಲೆಗಳು ತಿರುಗಿದವು. "ಬೀಗ ನೀವು ಹಾಕಿದ್ರಾ?"

ಅತ್ತೆ ಮೇಜಿನ ಅಂಚು ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಹಾಕಿದಳು. ಆಗ ಸೊಸೆಗೆ ಗಂಟೆ ನೆನಪಾಯಿತು. ಒಂದೂಮುಕ್ಕಾಲು. ಅತ್ತೆಗೆ ಸಕ್ಕರೆ ಕಾಯಿಲೆ; ಗಂಟೆಗೊಮ್ಮೆ ಹೋಗಲೇಬೇಕು. ಬಚ್ಚಲು ಕಾರಿಡಾರಿನ ಕೊನೆಯಲ್ಲಿತ್ತು.

ಸೊಸೆ ಹೋಗಿ ಕಿಂಡಿ ಬಡಿದಳು. ನಾಲ್ಕನೆಯ ಸಲಕ್ಕೆ ಮುಚ್ಚಳ ಸರಿಯಿತು.

"ಸಿಕ್ತಾ?"

"ಅತ್ತೆಗೆ ಹೊರಗೆ ಹೋಗಬೇಕು ಸಾರ್. ಅವರಿಗೆ ತಡಕೊಳೋಕಾಗಲ್ಲ, ನಿಮಗೇ ಗೊತ್ತು. ಅವರೊಬ್ಬರನ್ನ ಬಿಡಿ."

"ಅತಿಥಿಗಳು ಕಾರಿಡಾರಲ್ಲೇ ಓಡಾಡ್ತಿದಾರೆ. ತಲೆಗೆ ಬಲೆ ಟೋಪಿ ಹಾಕ್ಕೊಂಡು ಇವರು ಬಚ್ಚಲಿಗೆ ಹೋಗೋದನ್ನ ನೋಡಿದ್ರೆ ಏನಂದ್ಕೋತಾರೆ?"

"ಚೀಸ್ ಮಾಡೋರಿಗೂ ಉಚ್ಚೆ ಬರತ್ತೆ ಅಂದ್ಕೋತಾರೆ," ಎಂದಳು ರೇಡಿಯೊ ಹಿಂದಿನಿಂದ.

ಮುಚ್ಚಳ ಮುಚ್ಚಿತು. ಎರಡು ನಿಮಿಷದ ಮೇಲೆ ಮತ್ತೆ ಸರಿಯಿತು. ಕಿಂಡಿಯಿಂದ ಒಂದು ಬಿಳಿ ಬಕೆಟ್ಟು ಒಳಗೆ ಬಂತು. ಹಾಲಿನ ಪುಡಿ ಬರುವ ಬಕೆಟ್ಟು. ಕಂಪನಿಯ ಗುರುತು ಅದರ ಮೇಲೆ ನಗುತ್ತಿತ್ತು.

"ಸದ್ಯಕ್ಕೆ ಇದರಲ್ಲಿ ಮಾಡ್ಕೊಳ್ಳಿ."

ಯಾರೂ ಅದನ್ನು ಹಿಡಿದುಕೊಳ್ಳಲಿಲ್ಲ. ಬಕೆಟ್ಟು ಸುರುಳಿಗಳ ಕಟ್ಟೆಯ ಮೇಲೆ ಒಂದು ಗಳಿಗೆ ಓಲಾಡಿ ನಿಂತಿತು. ತಿನ್ನುವ ಪದಾರ್ಥ ಇರುವ ಕೋಣೆಗೆ ಉಂಗುರ ತರಬಾರದು, ಬಳೆ ತರಬಾರದು, ಕೆಮ್ಮಬಾರದು ಎಂದು ಗೋಡೆ ತುಂಬ ಬರೆಸಿದವರು ಅವರೇ. ಅತ್ತೆ ಮೂರು ಹೆಜ್ಜೆ ನಡೆದು ತಾನೇ ಬಕೆಟ್ಟನ್ನು ಎತ್ತಿಕೊಂಡಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಅದು ಸೊಸೆಗೆ ಕಂಡಿತು.

ಹೆಂಗಸರು ಮೇಲಂಗಿ ಬಿಚ್ಚಿ ಕೈ ಚಾಚಿ ಮೂಲೆಗೆ ಗೋಡೆ ಕಟ್ಟಿದರು. ಎಲ್ಲರೂ ಹೊರಮುಖವಾಗಿ ನಿಂತರು. ಆ ಸದ್ದು ಕೇಳಿಸದಿರಲೆಂದು ರೇಡಿಯೊ ಪೊಟ್ಟಣದ ಹಿಂಬದಿಯನ್ನು ಗಟ್ಟಿಯಾಗಿ ಓದತೊಡಗಿದಳು: ತಂಪಾದ ಸ್ಥಳದಲ್ಲಿಡಿ, ತೆರೆದ ನಂತರ ಮೂರು ದಿನದೊಳಗೆ ಬಳಸಿ, ಬಿಸಿ ಮಾಡುವ ಮೊದಲು ಪ್ಲಾಸ್ಟಿಕ್ ತೆಗೆಯಿರಿ. ಓದುತ್ತ ಓದುತ್ತ ನಡುವೆ ನಿಲ್ಲಿಸಿದಳು. ಸದ್ದು ಎಲ್ಲರಿಗೂ ಕೇಳಿಸಿತು.

ಅತ್ತೆ ಹೊರಗೆ ಬಂದು ಮೇಲಂಗಿಯ ಗುಂಡಿ ಹಾಕಿಕೊಂಡು, ನಲ್ಲಿಯಲ್ಲಿ ಮೊಣಕೈಯವರೆಗೆ ಕೈ ತೊಳೆದು, ಮತ್ತೆ ಸುಲಿಯಲು ನಿಂತಳು. ಒಂದು ಸ್ಲೈಸು ಸುಲಿದಳು. ಇನ್ನೊಂದು ಸುಲಿದಳು. "ಇಪ್ಪತ್ತೆರಡು ವರ್ಷ," ಎಂದಳು, ಯಾರಿಗೂ ಅಲ್ಲ.

ಸೊಸೆ ಬೂಟು ಬಿಚ್ಚಿದಳು. ಮೈಯ ಬಿಸಿಗೆ ಸ್ಲೈಸು ಬಗ್ಗಿ ಮೆತ್ತಗಾಗಿತ್ತು. ಹಾಳೆಯ ಅಂಚನ್ನು ಹಿಡಿದು ಎಲ್ಲರಿಗೂ ಕಾಣುವಂತೆ ಎತ್ತಿದಳು. ಸಾಲಿನ ಕೈಗಳು ನಿಂತವು. ಯಾವಾಗ ಸಿಕ್ಕಿತು ಎಂದು ಯಾರೂ ಕೇಳಲಿಲ್ಲ.

"ಅತ್ತೆ, ಮನೆ ಕೈಬಿಟ್ಟು ಹೋಗಬಹುದು," ಎಂದಳು.

ಅತ್ತೆ ಆ ನೀಲಿಯನ್ನು ನೋಡಿದಳು. "ಹೋದ್ರೆ ಹೋಗ್ಲಿ. ಏನೋ ಮಾಡ್ಬೇಕು ಅಂತಿದೀಯ, ಸರಿಯಾಗಿ ಮಾಡು."

ಸೊಸೆ ಬೂಟು ಹಾಕಿಕೊಂಡು ಕಿಂಡಿ ಬಡಿದಳು. ಈ ಸಲ ಮೊದಲ ಸಲಕ್ಕೇ ತೆರೆಯಿತು. ಅವಳು ಕೈ ತಲುಪದಷ್ಟು ದೂರದಲ್ಲಿ ನಿಂತು ಸ್ಲೈಸು ತೋರಿಸಿದಳು.

"ಅಬ್ಬ," ಎಂದ ಗಡಿಯಾರ. ಮಣಿಕಟ್ಟು ನೋಡಿಕೊಂಡ. "ಕೊಡಿಲ್ಲಿ. ಎರಡೂವರೆಗೆ ಅವರು ಈ ಕೋಣೆ ನೋಡೋಕೆ ಬರ್ತಾರೆ. ಅಷ್ಟರೊಳಗೆ ಆ ಬಕೆಟ್ಟೂ ಈಚೆ ಕೊಟ್ಟು, ಎಲ್ಲ ಒರೆಸಿ ಸಾಲು ಶುರು ಮಾಡಿ."

"ಬಾಗಿಲು ತೆಗೀರಿ."

"ಮೊದಲು ಅದು ಕೊಡು."

"ಬಾಗಿಲು ತೆಗೀರಿ ಸಾರ್. ಇದನ್ನ ಆಚೆ ಅಡುಗೆಮನೆಗೆ ನಾನೇ ತರ್ತೀನಿ. ಕೈಗವಸಿಲ್ಲದ ಹನ್ನೊಂದು ಜನದ ಕೈನೂ ತರ್ತೀನಿ. ಆ ಯಂತ್ರ ಯಾಕೆ ಆಫಾಗಿದೆ ಅಂತ ನೀವೇ ಹೇಳಿ ಅವರಿಗೆ. ಬಕೆಟ್ಟು ಯಾವ ತಿಂಡಿಗೆ ಅಂತಾನೂ ಹೇಳಿ."

ಗಡಿಯಾರ ಕಿಂಡಿಗೆ ಮುಖ ತಂದ. ಇಷ್ಟು ದಿನದಲ್ಲಿ ಮೊದಲ ಸಲ ಅವನ ಕಣ್ಣು ಅವರಿಗೆ ಆ ಕಿಂಡಿಯಲ್ಲಿ ಕಂಡಿತು. ದನಿ ಇಳಿಸಿದ. "ನೋಡಮ್ಮ, ನೀನು ಬುದ್ಧಿವಂತೆ. ಹಾಳೆ ಇಲ್ಲಿ ಕೊಡು, ನೆಲದ ಮೇಲೆ ಸಿಕ್ತು ಅಂತ ನಾನೇ ಬರೀತೀನಿ. ಅವಳ ಕೆಲಸ ಉಳಿಯತ್ತೆ, ಮನೆ ಉಳಿಯತ್ತೆ. ಬಕೆಟ್ಟಿನ ವಿಷಯ ಬೇಡ. ಏನೂ ಆಗೇ ಇಲ್ಲ. ಎಲ್ಲರಿಗೂ ಒಳ್ಳೇದು."

ಕೊಳವೆಯಿಂದ ಯಾರೋ ಚಪ್ಪಾಳೆ ತಟ್ಟುವುದು ಸಣ್ಣಗೆ ಕೇಳುತ್ತಿತ್ತು; ಅಡುಗೆಯವನ ಯಾವುದೋ ತಿಂಡಿ ಮೆಚ್ಚುಗೆಯಾಗಿರಬೇಕು. ಕಿಂಡಿಯಿಂದ ಕೈ ಒಳಗೆ ಬಂತು, ಅಂಗೈ ಮೇಲಾಗಿ. ಮೃದುವಾದ, ಒದ್ದೆಯಿಲ್ಲದ ಕೈ. ಸೊಸೆ ಅತ್ತೆಯ ಕಡೆ ತಿರುಗಿ ನೋಡಿದಳು. ಅತ್ತೆ ಸ್ಲೈಸುಗಳ ಡಬ್ಬವನ್ನು ಬದಿಗೆ ಸರಿಸಿ ಬಂದು ಸೊಸೆಯ ಪಕ್ಕದಲ್ಲಿ ನಿಂತಳು.

"ಕೊಡು," ಎಂದ ಗಡಿಯಾರ.

"ಕೊಡಲ್ಲ," ಎಂದಳು ಸೊಸೆ.